ವಿಶ್ವರಾಧ್ಯ ಮಾಸ್ತರರು ಕಾಪಿ ಮಾಡಿಸಿದ್ದು

ಯಮನ ಕಣ್ಣು ತಪ್ಪಿಸಬಹುದು, ವಿಶ್ವರಾಧ್ಯ ಮಾಸ್ತರರ ಕಣ್ಣು ತಪ್ಪಿಸಲಾಗದು ಎಂಬ ಮಾತು ಶಹಾಪುರದ ಹಳೆಯ ವಿದ್ಯಾರ್ಥಿಗಳಲ್ಲಿ ಇಂದಿಗೂ ಇದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಾಪಿ ಹೊಡೆದದ್ದಕ್ಕಾಗಿ ಅವರು ಪರೀಕ್ಷೆಯ ಕೋಣೆಯಿಂದ ಹೊರಗೆ ಹಾಕಿದ ಹುಡುಗರು ಅರವತ್ತೊಂದು ಮಂದಿ. ಅದು ಊರವರ ಅಂದಾಜಲ್ಲ, ಮಾಸ್ತರರದೇ ಎಣಿಕೆ. ಅರವತ್ತೊಂದರಲ್ಲಿ ಒಬ್ಬ ಅವರ ಸ್ವಂತ ಅಕ್ಕನ ಮಗ. ಅಕ್ಕ ಆಮೇಲೆ ಎರಡು ವರ್ಷ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಾಸ್ತರರು ಕರೆಯಲೂ ಇಲ್ಲ.

ಇಂಥವರು ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೇ ತಿಂಗಳ ಕೊನೆಯ ಒಂದು ಮುಂಜಾನೆ, ಪಡಸಾಲೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂಡಿಸಿಕೊಂಡು ಕಾಪಿ ಮಾಡಿಸಲು ಕುಳಿತರು.

ಕಾರಣ ಹೀಗಿತ್ತು. ಮುಪ್ಪಿನಲ್ಲಿ ಮನುಷ್ಯನ ನೆನಪನ್ನು ತಿನ್ನುವ ಅಲ್ಝೈಮರ್ ಕಾಯಿಲೆಯ ಬೆನ್ನು ಹತ್ತಿ ಎಂಟು ದೇಶದ ವೈದ್ಯರು ಕೂಡಿ ಒಂದು ಅಧ್ಯಯನ ಹೂಡಿದ್ದರು. ಒಂದೊಂದು ದೇಶದಲ್ಲಿ ಆರುನೂರು ಹಿರಿಯರು. ಎಲ್ಲರಿಗೂ ವರ್ಷಕ್ಕೊಮ್ಮೆ ಅವೇ ಮೂವತ್ತು ಪ್ರಶ್ನೆ, ಮೂವತ್ತು ಅಂಕ. ನಮ್ಮ ದೇಶದ ಆರುನೂರರಲ್ಲಿ ಒಂದು ಪಾಲು ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಿಗೆ ಬಂದಿತ್ತು. ಆ ಪಾಲಿನಲ್ಲಿ ಮಾಸ್ತರರ ಹೆಂಡತಿ ಗೊಲ್ಲಾಳಮ್ಮ ಒಬ್ಬರು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ದೇವರ ದೀಪದ ಎಣ್ಣೆಯನ್ನು ಒಗ್ಗರಣೆಗೆ ಸುರಿಯುವುದು ಶುರುವಾದಾಗ ಸೊಸೆ ಉಮಾಶ್ರೀಯೇ ಅತ್ತೆಯ ಹೆಸರು ಬರೆಸಿದ್ದಳು.

ಪ್ರಶ್ನೆ ಕೇಳಲು ಬರುವವಳು ರಾಮಸಮುದ್ರದ ಹುಡುಗಿ ಪರಿಮಳಾ. ಕೈಯಲ್ಲಿ ಹಲಗೆಯಂಥ ಒಂದು ಟ್ಯಾಬ್. ಹೋದ ವರ್ಷ ಗೊಲ್ಲಾಳಮ್ಮನಿಗೆ ಇಪ್ಪತ್ತೆರಡು ಅಂಕ ಬಂದಿದ್ದವು. ಅಂದಿನಿಂದ ಪರಿಮಳಾ ತಿಂಗಳಿಗೊಮ್ಮೆ ಬಂದು ರಕ್ತದೊತ್ತಡ ನೋಡಿ, ನಾಲ್ಕು ಮಾತಾಡಿ ಹೋಗುತ್ತಿದ್ದಳು. ಈ ವರ್ಷದ ಪರೀಕ್ಷೆಗೆ ಜೂನ್ ಹನ್ನೆರಡು, ಗುರುವಾರ ಗೊತ್ತಾಗಿತ್ತು.

ದಿನ ತಿಳಿದ ಗಳಿಗೆಯಿಂದ ಗೊಲ್ಲಾಳಮ್ಮನ ಮುಖ ಬಾಡಿತು. ಆಕೆ ಮೂರನೆಯ ಇಯತ್ತೆಯವರೆಗೆ ಕಲಿತವಳು. ಪರೀಕ್ಷೆ ಎಂದರೆ ಅವಳಿಗೆ ಇನ್ನೂ ಬೆತ್ತದ ವಾಸನೆ.

"ಇಲ್ಲಿ ಕೇಳ್ರಿ," ಎಂದಳು ಒಂದು ದಿನ, ಗಂಡನ ಅಂಗಿಗೆ ಗುಂಡಿ ಹಚ್ಚುತ್ತ. "ನಾ ನಪಾಸಾದ್ರ ನನ್ನ ಎಲ್ಲಿಗಿ ಒಯ್ತಾರ?"

"ಎಲ್ಲಿಗೂ ಒಯ್ಯಂಗಿಲ್ಲ."

"ಒಯ್ತಾರ. ಮರತವ್ರನ್ನ ಮನ್ಯಾಗ ಯಾರು ಇಟಗೋತಾರ?"

ಹಚ್ಚುತ್ತಿದ್ದ ಗುಂಡಿ ತೋಳಿಗೆ ಸೇರಬೇಕಾದದ್ದು. ಆಕೆ ಅದನ್ನು ಬೆನ್ನಿಗೆ ಹಚ್ಚಿದ್ದಳು. ಮಾಸ್ತರರು ಅದನ್ನು ನೋಡಿದರು. ಹೇಳಿದರು: "ನಾ ಇರೂತನ ನೀ ನಪಾಸಾಗಂಗಿಲ್ಲ. ಆತಿಲ್ಲೋ?"

ಮಾತು ಕೊಟ್ಟದ್ದಾಯಿತು. ಹೋದ ವರ್ಷ ಪಕ್ಕದಲ್ಲಿ ಕುಳಿತು ಕೇಳಿದ್ದ ಮೂವತ್ತು ಪ್ರಶ್ನೆಗಳೂ ಅವರ ತಲೆಯಲ್ಲಿ ಕ್ರಮ ತಪ್ಪದೆ ಇದ್ದವು. ಬರೆದಿಟ್ಟರು. ಹದಿನೈದು ದಿನ ಕೈಯಲ್ಲಿತ್ತು. ದಿನಕ್ಕೆ ಎರಡು ಪ್ರಶ್ನೆ, ಹಳೆಯ ಪಾಠದ ಪುನರಾವರ್ತನೆ ಬೇರೆ.

"ಇವತ್ತ ಯಾ ವಾರ?"

"ಗುರುವಾರ."

"ತಾರೀಖು?"

"ಹನ್ನೆರಡು."

"ತಿಂಗಳು?"

"ಜೂನ್."

"ನೆನಪಿಡು ಅಂತ ಮೂರು ಶಬ್ದ ಕೊಟ್ಟಿದ್ರಲ್ಲ, ಯಾವು?"

"ಗಡಿಗಿ, ಕುದುರಿ, ಬಾಳಿಹಣ್ಣು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮಾಶ್ರೀ ಹಿಟ್ಟಿನ ಕೈಯನ್ನು ಸೊಂಟಕ್ಕೆ ಇಟ್ಟಳು. "ಮಾವಾರ, ಇವತ್ತ ಶುಕ್ರವಾರ ಅದ. ಇನ್ನೂ ಮೇ ತಿಂಗಳಽ ಮುಗದಿಲ್ಲ. ಇದ್ದದ್ದೊಂದೀಟು ಬುದ್ಧಿನೂ ನೀವಽ ಕಲಸಾಕತ್ತೀರಿ ನೋಡ್ರಿ."

"ಪರೀಕ್ಷಾ ಗುರುವಾರ ಅದ," ಎಂದರು ಮಾಸ್ತರರು. "ಗುರುವಾರದ ಉತ್ತರಾನ ಕಲೀಬೇಕು. ನೀ ರೊಟ್ಟಿ ನೋಡು, ಹತ್ತಾಕತ್ಯಾವ."

ರೊಟ್ಟಿ ಹೊತ್ತುತ್ತಿರಲಿಲ್ಲ. ಹೊತ್ತುತ್ತಿದ್ದದ್ದು ಮಾಸ್ತರರ ಕಿವಿ.

ಒಂದೇ ಒಂದು ಪ್ರಶ್ನೆ ಅವರಿಂದ ಕಲಿಸಲಾಗಲಿಲ್ಲ. ಮೂವತ್ತನೆಯದು. 'ನಿಮ್ಮ ಗಂಡನ ಹೆಸರೇನು?' ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ. 'ಏನ್ರಿ', 'ಇಲ್ಲಿ ಕೇಳ್ರಿ', ಪರರ ಮುಂದೆ 'ನಮ್ಮ ಮಾಸ್ತರು' – ನಲವತ್ತೇಳು ವರ್ಷದ ಸಂಸಾರ ಇಷ್ಟರಲ್ಲೇ ಸಾಗಿತ್ತು. ಹೋದ ವರ್ಷವೂ ಆಕೆ ಆ ಪ್ರಶ್ನೆಗೆ ಬಾಯಿಗೆ ಸೆರಗು ಹಿಡಿದಿದ್ದಳು. ಮಾಸ್ತರರು ಒಮ್ಮೆ, "ಹೇಳಲ, ವಿಶ್ವರಾಧ್ಯ ಅಂತ," ಎಂದು ನೋಡಿದರು. ಆಕೆ ಸುತ್ತ ನೋಡಿ, "ಸ್ವಸಿ ಕೇಳ್ಯಾಳ, ಸುಮ್ಕಿರ್ರಿ," ಎಂದು ಅವರ ಮೊಣಕಾಲಿಗೆ ಚಿವುಟಿದಳು. ಒಂದು ಅಂಕ ಹೋದರೆ ಹೋಗಲಿ ಎಂದು ಬಿಟ್ಟರು.

ಗುರುವಾರ ಪರಿಮಳಾ ಬಂದಳು. ಗೊಲ್ಲಾಳಮ್ಮ ಹೊಸ ಇಳಕಲ್ಲ ಸೀರೆ ಉಟ್ಟು, ಮಂಚದ ಮೇಲೆ ನೆಟ್ಟಗೆ ಕುಳಿತು, ಒಂದನ್ನೂ ತಪ್ಪದೆ ಒಪ್ಪಿಸಿದಳು. ಎರಡು ಕಡೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಮೂವತ್ತನೆಯದಕ್ಕೆ ಸೆರಗು ಬಾಯಿಗೆ ಹೋಯಿತು.

"ನಮ್ಮವ್ವನೂ ಹೇಳಂಗಿಲ್ರಿ," ಎಂದು ಪರಿಮಳಾ ನಕ್ಕಳು. "ಆದ್ರ ಈ ಯಂತ್ರಕ್ಕ ನಾಚಿಕಿ ಅಂಬೋದು ತಿಳ್ಯಂಗಿಲ್ಲ. ಹೌದು, ಇಲ್ಲ, ಎರಡಽ ಮನಿ. ಪ್ರಶ್ನೆ ಇದ್ದಂಗ ಓದಬೇಕು, ಬ್ಯಾರೆ ಮಾತಾಡಬಾರದು ಅಂತ ಹುಕುಂ." ಆಮೇಲೆ ಟ್ಯಾಬ್ ನೋಡಿ ಕಣ್ಣರಳಿಸಿದಳು. "ಸರ್! ಇಪ್ಪತ್ತೊಂಬತ್ತು!"

"ಪಾಸಾದ್ನೇನು?" ಎಂದು ಗೊಲ್ಲಾಳಮ್ಮ ಗಂಡನ ಮುಖ ನೋಡಿದಳು. ಮಾಸ್ತರರು ತಲೆಯಾಡಿಸಿದರು.

ಇಪ್ಪತ್ತೊಂಬತ್ತರ ಫಲ ಬೇಗನೆ ಕಂಡಿತು. ಅಂಕ ಕಡಿಮೆ ಇದ್ದವರ ಮನೆಗೆ ಮಾತ್ರ ತಿಂಗಳ ಭೇಟಿ, ಇಳಿಯುತ್ತ ಹೋದವರಿಗೆ ಮಾತ್ರ ಕಲಬುರಗಿಯ ದೊಡ್ಡ ಡಾಕ್ಟರು, ಮೆದುಳಿನ ಫೋಟೋ, ಗುಳಿಗೆ. ಏರಿದವರಿಗೆ ಏಕೆ? ಜುಲೈ ತಿಂಗಳಲ್ಲಿ ಪರಿಮಳಾ ಬರಲಿಲ್ಲ. ಆಗಸ್ಟಿನಲ್ಲೂ ಬರಲಿಲ್ಲ. ಇತ್ತ ಗೊಲ್ಲಾಳಮ್ಮನಿಗೆ ದಿನಾಲೂ ಗುರುವಾರ, ದಿನಾಲೂ ಜೂನ್ ಹನ್ನೆರಡು. ಮಾಸ್ತರರು ಕಲಿಸಿದ್ದು ಕಲ್ಲಿನಲ್ಲಿ ಕೊರೆದಂತೆ ನಿಂತಿತ್ತು. ಸುತ್ತಲಿನದು ಮಳಲಿನಂತೆ ಸರಿಯುತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಆಕೆ ಮನೆಯಲ್ಲಿ ಇರಲಿಲ್ಲ. ಬಾವಿ ಕಟ್ಟೆ, ಮಠ, ಬಸ್ ಸ್ಟ್ಯಾಂಡು ಎಲ್ಲ ಹುಡುಕಿದ್ದಾಯಿತು. ನಾಲ್ಕು ಗಂಟೆಗೆ ಮನೆಯ ಮುಂದೆ ಒಂದು ಟಂಟಂ ಬಂದು ನಿಂತಿತು. ಓಡಿಸುವವನು ಫಿರೋಜ್. ಶಹಾಪುರಕ್ಕೂ ಸುರಪುರಕ್ಕೂ ದಿನಕ್ಕೆ ಐದು ಸಲ ಜನ ತುಂಬಿ ತಿರುಗುವವನು. ಹಿಂದಿನ ಸೀಟಿನಲ್ಲಿ ಗೊಲ್ಲಾಳಮ್ಮ ಬಾಳೆಹಣ್ಣು ತಿನ್ನುತ್ತ ಕುಳಿತಿದ್ದಳು.

"ಸುರಪುರದಾಗ ಒಂದು ಮೊಬೈಲ್ ಅಂಗಡಿ ಮುಂದ ನಿಂತಿದ್ರು ಸರ್," ಎಂದ ಫಿರೋಜ್. "‘ನಮ್ಮಪ್ಪ ಎಲ್ಲಿ ಹೋಗ್ಯಾನ’ ಅಂತ ಅಂಗಡಿಯವ್ನಿಗಿ ಕೇಳಾಕತ್ತಿದ್ರು."

ಆ ಅಂಗಡಿಯ ಜಾಗದಲ್ಲಿ ಹಿಂದೆ ಇದ್ದದ್ದು ಆಕೆಯ ತವರುಮನೆ. ಅಪ್ಪ ತೀರಿ ಇಪ್ಪತ್ತು ವರ್ಷ.

"ಮನಿ ಎಲ್ಲಿ ಅಮ್ಮಾ ಅಂದೆ. ‘ಗುರುವಾರ, ಹನ್ನೆರಡು, ಜೂನ್’ ಅಂದ್ರು. ಯಾರ ಮನ್ಯಾಕಿ ಅಂದೆ. ‘ಗಡಿಗಿ, ಕುದುರಿ, ಬಾಳಿಹಣ್ಣು’ ಅಂದ್ರು. ಹಸಿವ್ಯಾಗೇತೇನೋ ಅಂತ ಹಣ್ಣು ಕೊಡ್ಸಿದೆ. ಯಜಮಾನ್ರ ಹೆಸರು ಕೇಳಿದ್ರ ಸೆರಗ ಹಿಡದ್ರು. ಆ ಸೆರಗ ಹಿಡಿಯೋದು ನೋಡೇ ಗುರ್ತು ಹಿಡದೆ."

"ನೀ ಹ್ಯಾಂಗ ಗುರ್ತು ಹಿಡದಿ?"

"ಏಳನೇ ಇಯತ್ತೆ ಪರೀಕ್ಷಾದಾಗ ನೀವು ನನ್ನ ಹೊರಗ ಹಾಕಿದ್ರಿ, ನೆನಪದ ಏನ್ರಿ? ಅಂಗಿ ತೋಳಿನ್ಯಾಗ ಹದಿನೇಳರ ಮಗ್ಗಿ ಬರಕೊಂಡಿದ್ದೆ. ಸಾಲಿ ಗ್ವಾಡಿಗಿ ಮುಖ ಹಚ್ಚಿ ಅಳಾಕತ್ತಿದ್ದೆ. ಅಮ್ಮಾರು ಮನಿಗಿ ಕರದು ಒಂದು ಚರಿಗಿ ಮಜ್ಜಿಗಿ ಕೊಟ್ರು. ಹಿಂಗಽ ಸೆರಗ ಬಾಯಿಗಿ ಹಿಡದು ‘ನಮ್ಮ ಮಾಸ್ತರು ಹಂಗಽ, ಮನಸಿಗಿ ಹಚ್ಕೊಬ್ಯಾಡ’ ಅಂದ್ರು." ಫಿರೋಜ್ ನಕ್ಕು ತಲೆ ಕೆರೆದುಕೊಂಡ. "ಅದಿರ್ಲಿ ಸರ್, ಅಮ್ಮಾರ ಕಂಠಪಾಠ ಭಾಳ ಚಂದ ಅದ. ಕಲಿಸಿದವ್ರು ಯಾರು?"

ಮಾಸ್ತರರು ಹೆಂಡತಿಯ ಕೈ ಹಿಡಿದು ಇಳಿಸಿಕೊಂಡರು. ಅರವತ್ತೊಂದರಲ್ಲಿ ಫಿರೋಜ್ ನಲವತ್ತನೆಯವನು. ಅವನಿಗಿಂತ ಮೊದಲಿನ ಮೂವತ್ತೊಂಬತ್ತು ಮಂದಿಗೂ, ನಂತರದ ಇಪ್ಪತ್ತೊಂದು ಮಂದಿಗೂ ಹೆಂಡತಿ ಹಿಂಬಾಗಿಲಲ್ಲಿ ಮಜ್ಜಿಗೆ ಕೊಟ್ಟಿರಬಹುದೆಂಬುದು ಅವರ ಲೆಕ್ಕದಲ್ಲಿ ಎಂದೂ ಸೇರಿರಲಿಲ್ಲ.

ಅಂದೇ ಪರಿಮಳಾಳಿಗೆ ಫೋನ್ ಮಾಡಬೇಕೆಂದುಕೊಂಡರು. ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಮೂರು ವಾರದ ನಂತರ ಅವಳೇ ಮಾಡಿದಳು.

"ಸರ್, ನಿಮ್ಮ ಮನಿದು ದೊಡ್ಡ ಸುದ್ದಿ ಆಗ್ಯಾದ್ರಿ! ಎಂಟು ದೇಶದಾಗ ಒಂದಽ ವರ್ಷದಾಗ ಏಳು ಅಂಕ ಏರಿದವ್ರು ನಮ್ಮ ಅಮ್ಮಾರೊಬ್ಬರಽ ಅಂತ. ಜಪಾನದಿಂದ ಇಶಿದಾ ಅಂತ ದೊಡ್ಡ ಡಾಕ್ಟರಮ್ಮ ಬರಾಕತ್ಯಾರ. ಏನು ಉಣ್ತಾರ, ಏನು ಕುಡೀತಾರ, ಎಲ್ಲಾ ಬರಕೋಬೇಕಂತ."

ಫೋನಿನ ದನಿ ಜೋರಾಗಿತ್ತು, ಉಮಾಶ್ರೀಗೂ ಕೇಳಿತು. "ಹೇಳಿಬಿಡ್ರಿ ಮಾವಾರ," ಎಂದಳು ಅವಳು, "ದಿನಾ ಮುಂಜಾನಿ ಬೆತ್ತದ ಕಷಾಯ ಕುಡಸ್ತೀವಿ ಅಂತ." ಹೇಳಿದ ಮೇಲೆ ಮಾವನ ಮುಖ ನೋಡಿ ನಗು ನುಂಗಿದಳು. ಎದುರಿಗೆ ಒಂದು ಲೋಟ ನೀರು ಇಟ್ಟು ಒಳಗೆ ಹೋದಳು.

ಸೆಪ್ಟೆಂಬರ್ ಹದಿನಾರು, ಮಂಗಳವಾರ. ಇಶಿದಾ ಡಾಕ್ಟರು ಯಾದಗಿರಿಯಲ್ಲಿ ರೈಲು ಇಳಿದು ಶಹಾಪುರಕ್ಕೆ ಬಂದರು. ಐವತ್ತೈದರ ಆಸುಪಾಸಿನ ಸಣ್ಣ ಹೆಂಗಸು. ಕೂದಲಲ್ಲಿ ಅರ್ಧ ಬಿಳಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲರ ಚಪ್ಪಲಿಗಳ ಸಾಲಿಗೆ ಅದನ್ನೂ ನೇರ ಮಾಡಿ ಇಟ್ಟು ಒಳಗೆ ಬಂದರು. ಅದು ಮಾಸ್ತರರಿಗೆ ಹಿಡಿಸಿತು. ಹಿಡಿಸಿದ್ದರಿಂದ ಸಂಕಟ ಇಮ್ಮಡಿಯಾಯಿತು.

ಡಾಕ್ಟರು ಕೇಳಿದರು, ಪರಿಮಳಾ ಕನ್ನಡಕ್ಕೆ ತಂದಳು: "ಈ ವರ್ಷ ಮನ್ಯಾಗ ಹೊಸಾದು ಏನು ಮಾಡಿದ್ರಿ ಅಂತ ಕೇಳಾಕತ್ಯಾರ."

ಮಾಸ್ತರರು ಎದ್ದು ನಿಂತರು. ಮೂವತ್ತನಾಲ್ಕು ವರ್ಷ ಇತರರನ್ನು ಎಬ್ಬಿಸಿ ನಿಲ್ಲಿಸಿದವರು ಕೈಕಟ್ಟಿ ನಿಂತರು.

"ಕಾಪಿ ಮಾಡ್ಸೀನಿ," ಎಂದರು. "ಹದಿನೈದು ದಿವಸ ಕೂಡಿಸಿ ಉತ್ತರ ಕಲಿಸೀನಿ. ಆ ಅಂಕ ಆಕಿವಲ್ಲ, ನನ್ನವು. ನಾಲ್ಕು ಸಾವಿರದ ಎಂಟುನೂರು ಮಂದಿ ಲೆಕ್ಕದಾಗ ಒಂದು ಅಂಕಿ ಸುಳ್ಳಾದ್ರೂ ಕೂಡಿಸಿದ್ದೆಲ್ಲಾ ಸುಳ್ಳಽ. ಅದನ್ನ ಹೊಡದ ಹಾಕ್ರಿ."

ಪರಿಮಳಾ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದರು. ಒಂದೇ ಮಾತು ಕೇಳಿದರು.

"ಯಾಕಂತ ಕೇಳಾಕತ್ಯಾರ್ರಿ."

"ಆಕಿ ಅಂಜಿದ್ಳು. ನಾ ಇರೂತನ ನಪಾಸಾಗಂಗಿಲ್ಲ ಅಂತ ಮಾತು ಕೊಟ್ಟಿದ್ದೆ." ಮಾಸ್ತರರು ಪರಿಮಳಾಳ ಕಡೆ ತಿರುಗಿದರು. "ಅಂಕ ಏರ್ಯಾವಂತ ನೀವು ಬರೂದು ಬಿಟ್ರಿ. ಆಕಿ ಸುರಪುರಕ್ಕ ಹೋಗಿ ಸತ್ತ ಅಪ್ಪನ್ನ ಹುಡುಕಿದ್ಳು. ಅದೂ ನನ್ನ ತಪ್ಪಽ."

ಡಾಕ್ಟರು ಬಹಳ ಹೊತ್ತು ಮಾತಾಡಿದರು. ಪರಿಮಳಾ ಕೇಳುತ್ತ ಕೇಳುತ್ತ ನಗತೊಡಗಿದಳು. "ಎಲ್ಲಾ ದೇಶದಾಗೂ ಗಂಡಂದಿರು ಹಿಂಗಽ ಅಂತ್ರಿ ಸರ್. ಕೆಲವ್ರು ಕೆಮ್ಮತಾರಂತ, ಕೆಲವ್ರು ಬೆರಳು ತೋರಸ್ತಾರಂತ, ಒಬ್ಬ ಮುದುಕ ಕ್ಯಾಲೆಂಡರ್ ತಂದು ಡಾಕ್ಟರ ಬೆನ್ನ ಹಿಂದ ಹಿಡಕೊಂಡು ನಿಂತಿದ್ನಂತ. ಆದ್ರ ಟೈಮ್ ಟೇಬಲ್ ಹಾಕಿ ಪಾಠ ಮಾಡಿದವ್ರು ನೀವೊಬ್ಬರಽ ಅಂತ. ತಾವಽ ಎದ್ದು ಒಪ್ಪಿಕೊಂಡವ್ರೂ ನೀವೊಬ್ಬರಽ."

ಪರೀಕ್ಷೆ ಮತ್ತೆ ಆಗಬೇಕೆಂದು ನಿಶ್ಚಯವಾಯಿತು, ಬೇರೆ ಶಬ್ದಗಳೊಂದಿಗೆ. ಒಂದು ಷರತ್ತು: ಮಾಸ್ತರರು ಕೋಣೆಯಲ್ಲಿ ಇರಕೂಡದು. ಅವರು ತಾವೇ ಹೊರಗೆ ಹೋಗಿ, ಬಾಗಿಲನ್ನು ತಾವೇ ಎಳೆದುಕೊಂಡರು. ಕಟ್ಟೆಯ ಮೇಲೆ ಕುಳಿತು ಮನಸ್ಸಿನಲ್ಲಿ ಎಣಿಸಿದರು: ಅರವತ್ತೆರಡು.

ಕಿಟಕಿ ತೆರೆದಿತ್ತು. ಕೇಳಬಾರದೆಂದುಕೊಂಡರೂ ಕೇಳಿಸಿತು.

"ಇವತ್ತ ಯಾವ ವಾರ ಅಮ್ಮಾ?"

"ಗುರುವಾರ," ಎಂದಳು ಗೊಲ್ಲಾಳಮ್ಮ, ಸಂಭ್ರಮದಿಂದ. "ಹನ್ನೆರಡು, ಜೂನ್."

ಮಾಸ್ತರರು ಕಣ್ಣು ಮುಚ್ಚಿದರು. ಕೇಳದೆ ಇದ್ದದ್ದಕ್ಕೂ ಸೇರಿಸಿ ಮೂರು ಅಂಕ ಹೋದವು.

"ಇದು ಯಾವ ಕಾಲ?"

ಆಕೆ ಹೊರಗಿನ ಮುಗಿಲು ನೋಡಿರಬೇಕು. "ಉತ್ತರಿ ಮಳಿ. ನಿನ್ನಿ ಮೊನ್ನಿ ಕೂಡ್ಯಾದಲ್ಲ, ತಗಿ."

ಸರಿಯಾಗಿತ್ತು, ಉತ್ತರಾ ನಕ್ಷತ್ರದ ಮಳೆ ಹುಟ್ಟಿ ಮೂರೇ ದಿನ. ಅದನ್ನು ಅವರು ಕಲಿಸಿರಲಿಲ್ಲ.

ಹೊಸ ಶಬ್ದಗಳಿಗೆ ಹಳೆಯ ಗಡಿಗೆ, ಕುದುರೆಗಳೇ ಬಂದವು. ನೂರರಿಂದ ಏಳೇಳು ಕಳೆಯಿರಿ ಎಂದರೆ ತೊಂಬತ್ಮೂರಕ್ಕೆ ನಿಂತು, "ಇನ್ನ ಅವ್ರನ್ನ ಕೇಳ್ರಿ," ಎಂದಳು. ಮಾಸ್ತರರು ಬೆರಳು ಮಡಿಚುತ್ತ ಹೋದರು. ಇಪ್ಪತ್ತೊಂಬತ್ತು ಪ್ರಶ್ನೆ ಮುಗಿದಾಗ ಸರಿ ಉತ್ತರ ಹದಿನೈದು. ಏರಿದ್ದು ಏಳಲ್ಲ, ಇಳಿದದ್ದು ಏಳು.

"ನಿಮ್ಮ ಗಂಡನ ಹೆಸರೇನು?"

ಸೆರಗು ಎಲ್ಲಿಗೆ ಹೋಗಿದೆ ಎಂಬುದು ನೋಡದೆಯೇ ಅವರಿಗೆ ಕಂಡಿತು. ಪರಿಮಳಾ ಇಂಗ್ಲಿಷಿನಲ್ಲಿ ಡಾಕ್ಟರಿಗೆ ಏನೋ ಬಿಡಿಸಿ ಹೇಳುವುದು, ಡಾಕ್ಟರು ಆಗಲಿ ಅನ್ನುವುದು ಕೇಳಿಸಿತು. ಆಮೇಲೆ ಪರಿಮಳಾಳ ದನಿ: "ಅಮ್ಮಾ, ಬರೇ ಹೆಸರು ಹೇಳಬ್ಯಾಡ್ರಿ. ಲಗ್ನದಾಗ ಬಾಗಿಲಿಗಿ ಅಡ್ಡ ನಿಂತು ಹೆಸರು ಹೇಳಂದಾಗ ಹ್ಯಾಂಗ ಹೇಳಿದ್ರಿ? ಒಡಪು ಹಾಕಿ ಹೇಳ್ರಿ."

ಗಂಡನ ಹೆಸರನ್ನು ಹಾಡಿನ ಮಡಿಲಲ್ಲಿ ಕಟ್ಟಿ ಹೇಳುವ ಪದ್ಯವೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ. ಆದರೆ ಅದು ನಲವತ್ತೇಳು ವರ್ಷದ ಹಿಂದಿನ ಮಾತು. ಇಂದಿನ ವಾರ ತಿಳಿಯದ ತಲೆ. ಮಾಸ್ತರರು ಕಟ್ಟೆಯ ಅಂಚನ್ನು ಹಿಡಿದುಕೊಂಡರು. ಒಳಗೆ ಬಳೆಗಳು ಸದ್ದು ಮಾಡಿದವು. ಹದಿನೆಂಟರ ಹುಡುಗಿಯ ರಾಗದಲ್ಲಿ ಅರವತ್ತೈದರ ದನಿ ಬಂತು:

"ಹಲಗಿ ಮ್ಯಾಲ ಬಳಪ, ಬಳಪದ ಬಾಯಾಗ ಮಗ್ಗಿ,
ಬೆತ್ತದ ತುದಿಗಿ ಕಂಡೆ ನಾ ಮಲ್ಲಿಗಿ ಮೊಗ್ಗಿ,
ಸುರಪುರ ಬಿಟ್ಟು ಶಹಾಪುರಕ್ಕ ಬಂದೀನಿ ನಡದು,
ವಿಶ್ವರಾಧ್ಯರ ಲೆಕ್ಕ ತಿದ್ದತೀನಿ ಕೈ ಹಿಡದು."

ಒಳಗೆ ಉಮಾಶ್ರೀ ಚಪ್ಪಾಳೆ ತಟ್ಟಿದಳು. ಲಗ್ನದ ದಿನ ಇದೇ ಒಡಪಿಗೆ ನೆರೆದವರೆಲ್ಲ ನಕ್ಕಿದ್ದರು. ಇಪ್ಪತ್ತೈದರ ಮಾಸ್ತರರಿಗೆ ಸಿಟ್ಟು ಬಂದಿತ್ತು. ಅಂದಿನ ನಂತರ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದು ಇದೇ ಮೊದಲ ಸಲ. ಕಟ್ಟೆಯ ಮೇಲೆ ಕುಳಿತೇ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡರು.

ಬಾಗಿಲು ತೆರೆದಾಗ ಇಶಿದಾ ಡಾಕ್ಟರು ಗೊಲ್ಲಾಳಮ್ಮನ ಕೈ ಹಿಡಿದುಕೊಂಡು ಕುಳಿತಿದ್ದರು.

"ಅವರ ತಾಯಿಗೂ ಇದಽ ಬ್ಯಾನಿ ಇತ್ತಂತ್ರಿ," ಎಂದಳು ಪರಿಮಳಾ. "ಆಕಿನೂ ಗಂಡನ ಹೆಸರು ಹಿಡದು ಒಮ್ಮೆರೆ ಕರದಾಕಿ ಅಲ್ಲಂತ. ‘ಅನಾತಾ’ ಅಂತಿದ್ಲಂತ. ನಾವು ‘ಏನ್ರಿ’ ಅಂತೀವಲ್ಲ, ಹಂಗ. ‘ಡಾಕ್ಟರಿಕಿ ಓದಿಕೊಂಡು ನಾನಽ ಈ ಪ್ರಶ್ನೆ ಒಪ್ಪಿಬಿಟ್ಟೆ, ನಮ್ಮವ್ವನ್ನಽ ಮರತೆ’ ಅನ್ನಾಕತ್ಯಾರ. ಇನ್ನ ಮ್ಯಾಲ ಎಂಟೂ ದೇಶದ ಪುಸ್ತಕದಾಗ ಬರಸ್ತಾರಂತ, ಹೆಸರು ಅವರವರ ರೀತಿಲೆ ಹೇಳಿದ್ರೂ ಸರಿ ಅಂತ. ಅಮ್ಮಾರಿಗಿ ಒಂದು ಅಂಕ. ಒಟ್ಟು ಹದಿನಾರು."

ಹಾಗಾದರೆ ಹೋದ ವರ್ಷದ್ದು ಇಪ್ಪತ್ಮೂರು ಆಗಬೇಕಲ್ಲ ಎಂದು ಮಾಸ್ತರರಿಗೆ ಹೊಳೆಯಿತು. ಆದರೆ ಬರೆಯದ ಉತ್ತರಕ್ಕೆ ಅಂಕವಿಲ್ಲ.

"ಗುಣ ಆಗ್ತದೇನು?" ಎಂದಷ್ಟೇ ಕೇಳಿದರು.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಹೋದದ್ದು ಬರುವುದಿಲ್ಲ, ಹೋಗುವುದು ಸ್ವಲ್ಪ ತಡವಾಗಬಹುದು. ಕಲಬುರಗಿಗೆ ಮುಂದಿನ ವಾರವೇ ಹೋಗಬೇಕು. ಪರಿಮಳಾ ತಿಂಗಳಿಗೆ ಎರಡು ಸಲ ಬರುತ್ತಾಳೆ. ಪಾಠ ಬೇಡ, ಹಾಡು ಇರಲಿ. ಮಾಸ್ತರರು ಒಂದೊಂದಕ್ಕೂ ತಲೆಯಾಡಿಸಿದರು.

ಮರುದಿನ ಮುಂಜಾನೆ ಅವರು ಪಡಸಾಲೆಗೆ ಬಂದಾಗ ಗೊಲ್ಲಾಳಮ್ಮ ರೂಢಿಯಂತೆ ಎದುರಿನ ಮಣೆಯ ಮೇಲೆ ಕುಳಿತಿದ್ದಳು. ತಲೆ ಬಾಚಿ, ಸೆರಗು ಸರಿಮಾಡಿಕೊಂಡು, ಪ್ರಶ್ನೆಗೆ ಕಾದಿದ್ದಳು.

"ಇವತ್ತ ಪಾಠ ಇಲ್ಲ," ಎಂದರು ಮಾಸ್ತರರು.

"ಯಾಕ? ಪರೀಕ್ಷಾ ಮುಗೀತೇನು?"

"ಮುಗೀತು."

ಆಕೆಯ ಮುಖದಲ್ಲಿ ಹಳೆಯ ಅಂಜಿಕೆ ಸುಳಿಯಿತು. "ಪಾಸಾದ್ನೇನ್ರಿ?"

ಮಾಸ್ತರರು ಎಂದೂ ಕೃಪಾಂಕ ಕೊಟ್ಟವರಲ್ಲ. ಮೂವತ್ತಕ್ಕೆ ಹದಿನಾರು. ಮನಸ್ಸಿನಲ್ಲಿ ಭಾಗಿಸಿದರು, ಒಮ್ಮೆ ತಾಳೆ ನೋಡಿದರು.

"ನೂರಕ್ಕ ಐವತ್ಮೂರು," ಎಂದರು. "ಸೆಕೆಂಡ್ ಕ್ಲಾಸ್."

"ಕಾಪಿ ಹೊಡೀಲಾರದ?"

"ಕಾಪಿ ಹೊಡೀಲಾರದ."

ಗೊಲ್ಲಾಳಮ್ಮ ಸಂತೋಷದಿಂದ ಒಳಗೆ ತಿರುಗಿ, ಸೊಸೆಗೆ ಕೇಳುವಂತೆ ಕೂಗಿದಳು: "ಉಮಾ, ನಮ್ಮ ಮಾಸ್ತರಿಗಿ ಮಜ್ಜಿಗಿ ಕೊಡು. ಹೊರಗ ಹಾಕ್ಯಾರ ಪಾಪ, ಅತ್ತಾರ."

ಮಾಸ್ತರರು ಇಲ್ಲವೆನ್ನಲಿಲ್ಲ. ಚರಿಗೆ ಬಂದಾಗ ಎರಡೂ ಕೈಯಿಂದ ಹಿಡಿದು ಕುಡಿದರು.